ಕೆಮ್ಮುವವರ ಮಾತು ಕೇಳಿದ ಸಂಶೋಧನೆ

ಸಂಶೋಧನೆಯೆಂದರೆ ಪಂಡಿತರ ಕಪಾಟಿನಲ್ಲಿ ಧೂಳು ತಿನ್ನುವ ವಸ್ತುವೆಂದು ಅನೇಕರ ಭಾವನೆ. ಅದು ಸರ್ಕಾರದ ತೀರ್ಮಾನವಾಗಿ, ಬಡವನ ಮನೆಬಾಗಿಲಿಗೆ ಔಷಧವಾಗಿ ಬಂದುದಕ್ಕೆ ಕ್ಷಯರೋಗದ ಇತಿಹಾಸಕ್ಕಿಂತ ಉತ್ತಮ ನಿದರ್ಶನ ನಮಗೆ ತೋರದು. ಅದರ ಒಂದು ಮುಖ್ಯ ಅಧ್ಯಾಯ ನಡೆದುದು ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ.

ಹಿಂದೆ ಕ್ಷಯ ತಗಲಿದವರನ್ನು ಸ್ಯಾನಟೋರಿಯಂನಲ್ಲಿ ತಿಂಗಳುಗಟ್ಟಲೆ ಇರಿಸಿ ಶುದ್ಧ ಗಾಳಿ, ಪುಷ್ಟಿಯುತ ಆಹಾರ, ವಿಶ್ರಾಂತಿ ಕೊಡಬೇಕೆಂಬುದೇ ವೈದ್ಯರ ಮತವಾಗಿತ್ತು. ರೋಗಿಗಳು ಲಕ್ಷಾಂತರ, ಹಾಸಿಗೆಗಳು ಅತ್ಯಲ್ಪ. 1956ರಲ್ಲಿ ಮದರಾಸಿನಲ್ಲಿ 193 ಮಂದಿ ಬಡ ರೋಗಿಗಳನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ, ಒಂದನ್ನು ಸ್ಯಾನಟೋರಿಯಂಗೆ ಸೇರಿಸಿದರು; ಇನ್ನೊಂದನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲಿಯೇ ಬಿಟ್ಟರು. ಇಬ್ಬರಿಗೂ ಒಂದು ವರ್ಷ ಒಂದೇ ಔಷಧ. 1959ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತನ್ನೇ ಬೆರಗುಗೊಳಿಸಿತು: ಮನೆಯಲ್ಲುಳಿದವರೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಗುಣ ಹೊಂದಿದ್ದರು. ಮನೆಮಂದಿಗೆ ಇದರಿಂದ ಹೆಚ್ಚಿನ ಅಪಾಯವಾಯಿತೆಂಬ ಸಾಕ್ಷ್ಯವೂ ದೊರೆಯಲಿಲ್ಲ.

ಔಷಧವೇನೋ ಸಿಕ್ಕಿತು; ರೋಗಿಯನ್ನು ಹುಡುಕುವವರಾರು? ಹಳ್ಳಿಗನು ಅಜ್ಞಾನಿ, ತಾನಾಗಿ ಬರಲಾರ, ಎಕ್ಸ್‌ರೇ ವಾಹನವೇ ಊರೂರಿಗೆ ಹೋಗಬೇಕು ಎಂಬುದು ತಜ್ಞರ ನಂಬಿಕೆ. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಈ ನಂಬಿಕೆಯನ್ನೇ ಪರೀಕ್ಷೆಗೊಡ್ಡಿದರು. ತುಮಕೂರು ಸೀಮೆಯಲ್ಲಿ ಸಮೀಕ್ಷೆಯಿಂದ ಪತ್ತೆಯಾದ ರೋಗಿಗಳ ಬಳಿ ಕುಳಿತು, ನಿಮಗೇನಾಗುತ್ತಿದೆ, ಏನು ಮಾಡಿದಿರಿ ಎಂದು ಕೇಳಿಸಿದರು. ಬಹುತೇಕರಿಗೆ ತಮ್ಮ ರೋಗಲಕ್ಷಣದ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಬಂದಿದ್ದರು! ಅಲ್ಲಿ ಅವರಿಗೆ ದೊರೆತುದು ಕೆಮ್ಮಿನ ಔಷಧದ ಒಂದು ಸೀಸೆ. ಅಜ್ಞಾನ ಎಲ್ಲಿತ್ತೆಂಬುದನ್ನು ಓದುಗ ಬಂಧುಗಳೇ ಊಹಿಸಬಹುದು.

ಈ ಬರಹ ಅಚ್ಚಾದುದು 1963ರಲ್ಲಿ. ಅದರ ತಿರುಳು ಅದಕ್ಕೂ ಮೊದಲೇ, 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮದೊಳಗೆ ಸೇರಿತ್ತು. ಕೆಮ್ಮುತ್ತ ಬಂದವನ ಕಫವನ್ನು ಊರ ಸಮೀಪದ ಸಾಮಾನ್ಯ ಆಸ್ಪತ್ರೆಯಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ನೋಡಿ, ಮನೆಯಲ್ಲಿದ್ದೇ ಔಷಧ ಕೊಡುವುದು ಅದರ ಸಾರ. ಶೋಧಿಸುವವರೂ ಯೋಜಿಸುವವರೂ ಒಂದೇ ಸೂರಿನಡಿ ಇದ್ದುದರಿಂದ ಇದು ಸಾಧ್ಯವಾಯಿತೆಂದು ನಮ್ಮ ಅಭಿಪ್ರಾಯ. ಇರುವ ಹಣದಲ್ಲಿ ಏನು ಮಾಡಬಹುದೆಂಬುದೇ ಅವರ ಪ್ರಶ್ನೆಯಾಗಿತ್ತು.

ಆದರೆ ತೀರ್ಮಾನ ಸರಿಯಿದ್ದರೆ ಸಾಲದು. 1992ರ ಪರಿಶೀಲನೆಯಲ್ಲಿ ಔಷಧದ ಕೊರತೆ, ಅರ್ಧಕ್ಕೇ ನಿಂತ ಚಿಕಿತ್ಸೆಗಳು ಬಯಲಾದವು. 1997ರಿಂದ ಪರಿಷ್ಕೃತ ಕಾರ್ಯಕ್ರಮ ಬರಬೇಕಾಯಿತು.

ಮದರಾಸಿನ ಪರೀಕ್ಷೆಯ ಬಳಿಕ ಆಹಾರದ ಮಾತು ಹಿಂದೆ ಸರಿದಿತ್ತು. ಅದನ್ನು ಮರಳಿ ಮುನ್ನೆಲೆಗೆ ತಂದವರಲ್ಲಿ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ ಭಾರ್ಗವ, ಮಾಧವಿ ಭಾರ್ಗವ ಪ್ರಮುಖರು. ಜಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ರೋಗಿಗಳೆಲ್ಲರಿಗೂ ಆಹಾರ ಒದಗಿಸಿ, ಅವರ ಮನೆಯವರಲ್ಲಿ ಒಂದು ಪಂಗಡಕ್ಕೆ ಮಾತ್ರ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೀವಸತ್ವದ ಮಾತ್ರೆ ಕೊಟ್ಟರು. 10,345 ಜನರ ಈ ಅಧ್ಯಯನ 2023ರಲ್ಲಿ ಪ್ರಕಟವಾಯಿತು: ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಶೇಕಡಾ 39ರಷ್ಟು ತಗ್ಗಿತ್ತು. 2024ರಲ್ಲಿ ಕೇಂದ್ರ ಸರ್ಕಾರ ರೋಗಿಯ ಪೋಷಣೆಗೆ ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 1,000ಕ್ಕೆ ಏರಿಸಿತು.

ಕನ್ಯೆ-ವರಗಳ ಮಾತುಕತೆ ಕೆಟ್ಟೀತೆಂದು ಕೆಮ್ಮನ್ನು ಮುಚ್ಚಿಡುವ ಮನೆತನಗಳು ನಮ್ಮಲ್ಲಿ ಇನ್ನೂ ಇವೆ. ಎರಡು ವಾರ ಮೀರಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಔಷಧವೂ ಉಚಿತ. 2022ರಿಂದ 'ನಿಕ್ಷಯ್ ಮಿತ್ರ'ರಾಗಿ ಹೆಸರು ನೋಂದಾಯಿಸಿದ ವ್ಯಕ್ತಿಗಳೂ ಸಂಘಸಂಸ್ಥೆಗಳೂ ರೋಗಿಗಳಿಗೆ ತಿಂಗಳ ದಿನಸಿ ಒದಗಿಸಲು ಅವಕಾಶವಿದೆ. ದಾಸೋಹದ ಒಲೆ ಆರದ ಮಠಗಳಿಗೆ ಇದೇನು ಹೊಸ ಕಾಯಕವಲ್ಲ. ವಿವರವನ್ನು ಜಿಲ್ಲಾ ಕ್ಷಯರೋಗ ಅಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು.