ಇಬ್ಬರ ಓಟ

ಬೈಸಿಕಲ್ಲು ನಮ್ಮ ಊರುಗಳಿಗೆ ಬಂದು ಬಹುಕಾಲವಾಯಿತು. ಹಾಲು ಹಾಕುವವನೂ ಅಂಚೆಯವನೂ ಶಾಲೆಯ ಮಕ್ಕಳೂ ಅದನ್ನು ತುಳಿದು ತಮ್ಮ ದಾರಿಯನ್ನು ಹಗುರಮಾಡಿಕೊಂಡರು. ಅಂತಹ ಸಾಧುವಾದ ವಾಹನವನ್ನೇರಿ, ಕಲ್ಲುಮುಳ್ಳುಗಳಿಂದ ತುಂಬಿದ ಬೆಟ್ಟಗಳನ್ನು ಎಂಟು ದಿನ ಎಡೆಬಿಡದೆ ಹತ್ತಿಳಿಯುವವರೂ ಉಂಟೆಂದರೆ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ದಕ್ಷಿಣ ಆಫ್ರಿಕದ ಪಶ್ಚಿಮ ಕೇಪ್ ಪ್ರಾಂತದಲ್ಲಿ 2004ರಲ್ಲಿ ಮೊದಲಾದ ‘ಕೇಪ್ ಎಪಿಕ್’ ಎಂಬ ಪಂದ್ಯವು ಅಂತಹುದು. ಅದರ ವಿಚಾರವಾಗಿ ನಾವು ಇಲ್ಲಿ ನಾಲ್ಕು ಮಾತು ಹೇಳಬೇಕೆಂದಿರುವೆವು. ಅದರ ಕಷ್ಟಕ್ಕಿಂತಲೂ ಅದರ ಒಂದು ನಿಯಮವು ನಮ್ಮ ಮನಸ್ಸನ್ನು ಸೆಳೆದಿದೆ.

ಬೆಟ್ಟದ ಬೈಸಿಕಲ್ಲಿನ ಹುಟ್ಟೇ ಒಂದು ವಿನೋದ. ಅಮೆರಿಕದ ಕ್ಯಾಲಿಫೋರ್ನಿಯ ಸೀಮೆಯಲ್ಲಿ, ಟಮಾಲ್‌ಪೈಸ್ ಬೆಟ್ಟದ ಆಸುಪಾಸಿನ ತರುಣರು 1970ರ ದಶಕದಲ್ಲಿ ದಪ್ಪ ಟೈರಿನ ಹಳೆಯ ಬೈಸಿಕಲ್ಲುಗಳನ್ನು ಹುಡುಕಿ ತಂದು, ಮಣ್ಣಿನ ಇಳಿಜಾರಿನಲ್ಲಿ ಪಂದ್ಯ ಕಟ್ಟಿ ಬಿಡುತ್ತಿದ್ದರು. ಆ ಬೈಸಿಕಲ್ಲುಗಳ ಬ್ರೇಕು ಹಿಂದಿನ ಚಕ್ರದ ನಡುವೆ ಅಡಗಿತ್ತು. ಒಂದು ಸಲ ಇಳಿದು ಮುಗಿಯುವಷ್ಟರಲ್ಲಿ ಅದರೊಳಗಿನ ಗ್ರೀಸು ಕಾದು ಹೊಗೆಯಾಗಿಹೋಗಿ, ಮತ್ತೆ ಹೊಸದಾಗಿ ತುಂಬಬೇಕಾಗುತ್ತಿತ್ತು. ಆ ದಾರಿಗೆ ‘ರೀಪ್ಯಾಕ್’, ಎಂದರೆ ‘ಮತ್ತೆ ತುಂಬು’ ಎಂಬ ಹೆಸರೇ ನಿಂತಿತು. ಈ ಹುಡುಗಾಟಿಕೆಯೇ ಬೆಳೆದು 1996ರಲ್ಲಿ ಒಲಿಂಪಿಕ್ ಪಂದ್ಯಗಳ ಸಾಲಿಗೆ ಸೇರಿತು. ಇಂದಿನ ಬೆಟ್ಟದ ಬೈಸಿಕಲ್ಲಿಗೆ ಕುಲುಕಾಟವನ್ನು ನುಂಗುವ ಸಾಧನಗಳು ಮುಂದೆಯೂ ಹಿಂದೆಯೂ ಉಂಟು. ಟೈರಿನೊಳಗೆ ಟ್ಯೂಬಿನ ಬದಲು ಒಂದು ದ್ರವವನ್ನು ಹಾಕಿರುವರು. ಮುಳ್ಳು ಚುಚ್ಚಿದೊಡನೆ ಅದು ತೂತಿಗೆ ಹರಿದು, ಗಟ್ಟಿಯಾಗಿ, ತಾನೇ ಮುಚ್ಚಿಕೊಳ್ಳುವುದು.

ಕೇಪ್ ಎಪಿಕ್ಕನ್ನು ಹುಟ್ಟುಹಾಕಿದವನು ಕೆವಿನ್ ವರ್ಮಾಕ್ ಎಂಬ ದಕ್ಷಿಣ ಆಫ್ರಿಕದವನು. ಮಧ್ಯ ಅಮೆರಿಕದ ಕೋಸ್ಟರೀಕದಲ್ಲಿ ನಡೆಯುವ ಇಂತಹುದೇ ಒಂದು ಪಂದ್ಯದಲ್ಲಿ ತಾನೂ ಸವಾರಿಮಾಡಿ ಬಂದು, ತನ್ನ ನಾಡಿನಲ್ಲಿ ಇದು ಏಕಾಗಬಾರದೆಂದು ಯೋಚಿಸಿದನು. ಈಗಿನ ಕ್ರಮದಲ್ಲಿ ಮೊದಲನೆಯ ದಿನ ಕಿರಿದಾದ ಓಟ, ಅನಂತರ ಏಳು ದಿನ ದೀರ್ಘವಾದ ಓಟಗಳು. ವರ್ಷವರ್ಷವೂ ದಾರಿ ಬೇರೆ. ಒಟ್ಟು ದೂರ ಸುಮಾರು 600 ರಿಂದ 700 ಕಿಲೋಮೀಟರಿನಷ್ಟಾಗುವುದು. ಬೆಂಗಳೂರಿನಿಂದ ಬೀದರಿನವರೆಗೆ ಹೋದಂತೆಯೇ ಸರಿ. ಆದರೆ ಹತ್ತುವ ಏರುಗಳನ್ನು ಕೂಡಿಸಿದರೆ ಸುಮಾರು 15,000 ಮೀಟರು! ನಮ್ಮ ಮುಳ್ಳಯ್ಯನಗಿರಿಯನ್ನು ಸಮುದ್ರದ ದಡದಿಂದ ಹೊರಟು ಎಂಟು ಬಾರಿ ಹತ್ತಿದರೆ ಆ ಲೆಕ್ಕ ಸರಿಹೋದೀತು. ಪಂದ್ಯವು ಮಾರ್ಚಿಯಲ್ಲಿ ನಡೆಯುವುದು. ಅಲ್ಲಿ ಅದು ಬೇಸಗೆ ಕಳೆಯುವ ಕಾಲವಾದರೂ ಬಿಸಿಲಿನ ಕಾವು ತಗ್ಗಿರುವುದಿಲ್ಲ. ಧೂಳು, ಸಡಿಲಗಲ್ಲು, ಕೈಗಳ ನೋವು, ಸೀಟಿಗೆ ಉಜ್ಜಿ ಆಗುವ ಹುಣ್ಣು, ಇವೆಲ್ಲವನ್ನೂ ಹೊತ್ತುಕೊಂಡು ಸಂಜೆ ಡೇರೆಯಲ್ಲಿ ಮಲಗಿ, ಮರುದಿನ ಕತ್ತಲಿರುವಾಗಲೇ ಏಳಬೇಕು. ಮುಂದಾಳುಗಳು ನಾಲ್ಕೈದು ಗಂಟೆಗಳಲ್ಲಿ ಮುಗಿಸುವ ದಾರಿಯನ್ನು ಹಿಂದಿನವರು ಹಗಲೆಲ್ಲ ತುಳಿಯುವರು. ಗೊತ್ತಾದ ಹೊತ್ತಿನೊಳಗೆ ಬಾರದವರು ಪಂದ್ಯದಿಂದ ಹೊರಗೆ.

ಇನ್ನು ಆ ನಿಯಮದ ಮಾತು. ಈ ಪಂದ್ಯಕ್ಕೆ ಒಬ್ಬೊಬ್ಬರಾಗಿ ಸೇರುವಂತಿಲ್ಲ. ಇಬ್ಬರು ಕೂಡಿ ಒಂದು ತಂಡ. ದಾರಿಯುದ್ದಕ್ಕೂ ಆ ಇಬ್ಬರ ನಡುವೆ ಎರಡು ನಿಮಿಷಕ್ಕಿಂತ ಹೆಚ್ಚು ಅಂತರವಿರಕೂಡದು. ಮೀರಿದರೆ ದಂಡವಾಗಿ ಅವರ ಲೆಕ್ಕಕ್ಕೆ ಒಂದು ಗಂಟೆ ಸೇರುವುದು. ದಿನದ ಕೊನೆಯಲ್ಲಿಯೂ ಇಬ್ಬರಲ್ಲಿ ಹಿಂದಿನವನು ಗೆರೆ ದಾಟಿದ ಹೊತ್ತೇ ತಂಡದ ಹೊತ್ತು. ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಮುಂದೋಡಿ ಫಲವೇನು? ಬಲವಂತನು ಬಯಲಿನಲ್ಲಿ ಮುಂದಾಗಿ ಗಾಳಿಯನ್ನು ಸೀಳುವನು. ಬಳಲಿದವನು ಅವನ ಮರೆಯಲ್ಲಿ ಬರುವನು. ಏರಿನಲ್ಲಿ ಜೊತೆಗಾರನ ಬೆನ್ನಿಗೆ ಕೈಯಿಟ್ಟು ನೂಕುವುದೂ ಉಂಟು. ನಾಳೆ ಯಾರು ಬಲವಂತನೋ, ಯಾರು ಬಳಲುವವನೋ ಹೇಳಲಾಗದು. ಕಾಯಬೇಕಾದವನ ಕೋಪವೂ ಕಾಯಿಸಿದವನ ನಾಚಿಕೆಯೂ ಏರಿಗಿಂತ ಹೆಚ್ಚು ಭಾರವೆಂದು ನಮಗೆ ತೋರುತ್ತದೆ. ಗಂಡಸರ, ಹೆಂಗಸರ ತಂಡಗಳಲ್ಲದೆ ಗಂಡುಹೆಣ್ಣು ಕೂಡಿದ ತಂಡಗಳೂ ಇರುವುವು. ಗಂಡಹೆಂಡಿರೇ ಜೋಡಿಯಾಗಿ ಹೊರಟರೆ ಎಂಟು ದಿನಗಳ ಸಂಭಾಷಣೆ ಹೇಗಿದ್ದೀತೆಂಬುದನ್ನು ವಾಚಕರ ಊಹೆಗೇ ಬಿಡುವೆವು.

ಜೋಡಿಯನ್ನು ಆರಿಸಿಕೊಳ್ಳುವುದೂ ಒಂದು ವಿದ್ಯೆಯೇ. ಡೆನ್ಮಾರ್ಕಿನ ಆನಿಕಾ ಲಾಂಗ್‌ವಾದ್ ಎಂಬಾಕೆ ದಂತವೈದ್ಯಶಾಸ್ತ್ರವನ್ನು ಓದಿದವಳು. 2014ರಿಂದ 2019ರ ಒಳಗೆ ಆಕೆ ಮೂವರು ಬೇರೆಬೇರೆ ಜೊತೆಗಾತಿಯರೊಡನೆ ಐದು ಬಾರಿ ಗೆದ್ದಳು.

ಆದರೆ ಈ ಪಂದ್ಯದ ಕಥೆಗಳಲ್ಲಿ ನಮ್ಮ ಮನಸ್ಸಿನಲ್ಲಿ ಉಳಿದಿರುವುದು ಇನ್ನೊಂದು ಜೋಡಿ. ಸ್ವಿಟ್ಜರ್ಲೆಂಡಿನ ಕ್ರಿಸ್ಟೋಫ್ ಸೌಸರನು 2008ರಲ್ಲಿ ಜಗತ್ತಿನ ಚಾಂಪಿಯನ್ ಆಗಿದ್ದವನು. ಅವನ ಜೊತೆಗಾರ ಬರ್ರಿ ಸ್ಟ್ಯಾಂಡರ್ ಅವನಿಗಿಂತ ಹನ್ನೊಂದು ವರ್ಷ ಕಿರಿಯ, ಕ್ವಾಜುಲು-ನಟಾಲಿನವನು. ಗಾಂಧೀಜಿಯವರ ಜೀವನಚರಿತ್ರೆಯನ್ನು ಓದಿದವರಿಗೆ ನಟಾಲಿನ ಹೆಸರು ಹೊಸದಲ್ಲ. 2011ರಲ್ಲಿ ಈ ಇಬ್ಬರೂ ಕೇಪ್ ಎಪಿಕ್ಕನ್ನು ಗೆದ್ದರು. ದಕ್ಷಿಣ ಆಫ್ರಿಕದವನೊಬ್ಬನು ತನ್ನ ನಾಡಿನ ಈ ಪಂದ್ಯವನ್ನು ಗೆದ್ದುದು ಅದೇ ಮೊದಲು. 2012ರಲ್ಲಿ ಮತ್ತೆ ಗೆದ್ದರು. ಅದೇ ವರ್ಷ ಲಂಡನ್ ಒಲಿಂಪಿಕ್ಸಿನಲ್ಲಿ ಸ್ಟ್ಯಾಂಡರನು ಐದನೆಯವನಾಗಿ ಬಂದನು.

2013ರ ಜನವರಿ 3ರಂದು ತನ್ನ ಊರಿನ ಕಡೆಯ ರಸ್ತೆಯಲ್ಲಿ ಅಭ್ಯಾಸದ ಸವಾರಿ ಮಾಡುತ್ತಿದ್ದಾಗ ಬಾಡಿಗೆಯ ವ್ಯಾನೊಂದು ತಗುಲಿ ಅವನು ತೀರಿಕೊಂಡನು. ಬೆಟ್ಟದ ಕೊರಕಲುಗಳು ಏನೂ ಮಾಡದಿದ್ದವನನ್ನು ಸಮನಾದ ಹೆದ್ದಾರಿ ಕೊಂಡೊಯ್ದಿತು. ಆಗ ಅವನಿಗೆ ವಯಸ್ಸು 25.

ಮಾರ್ಚಿ ಬಂದಿತು, ಪಂದ್ಯವೂ ಬಂದಿತು. ಸೌಸರನು ಮನೆಯಲ್ಲಿ ಕುಳಿತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಲಂಡನ್ನಿನಲ್ಲಿ ಚಿನ್ನ ಗೆದ್ದಿದ್ದ ಚೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿಯನ್ನು ಜೊತೆಮಾಡಿಕೊಂಡು ಹೊರಟನು. ಎರಡು ವರ್ಷಗಳ ಗೆಲುವಿನಲ್ಲಿ ಒಬ್ಬನ ಬೆನ್ನು ನೋಡಿ ಅಭ್ಯಾಸವಾಗಿದ್ದ ಕಣ್ಣಿಗೆ ಈಗ ಬೇರೊಂದು ಬೆನ್ನು. ಹಿಂದೆ ತಿರುಗಿದಾಗ ಕಾಣುತ್ತಿದ್ದ ಮುಖವೂ ಬೇರೆ. ಎಂಟು ದಿನಗಳೂ ಆ ಎರಡು ನಿಮಿಷದ ನಿಯಮದೊಳಗೇ ತುಳಿದು, ಅವರಿಬ್ಬರೂ ಮೊದಲಿಗರಾಗಿ ಗೆರೆ ದಾಟಿದರು. 2015ರಲ್ಲಿ ಅದೇ ಜೋಡಿ ಮತ್ತೊಮ್ಮೆ ಗೆದ್ದಿತು. ಅದು ಸೌಸರನ ಐದನೆಯ ಗೆಲುವು.