ಗೊಮ್ಮಟನ ಕಳಶ, ಊರಿನ ಆಸ್ಪತ್ರೆ

ಶ್ರವಣಬೆಳಗೊಳದ ದೊಡ್ಡಬೆಟ್ಟದಲ್ಲಿ 2018ರ ಫೆಬ್ರುವರಿ 17ರಂದು ಮಹಾಮಸ್ತಕಾಭಿಷೇಕದಲ್ಲಿ ಗೊಮ್ಮಟನ ನೆತ್ತಿಗೆ ಬಿದ್ದ ಮೊದಲ ಕಳಶಕ್ಕೆ ಸಂದ ಹಣ 11 ಕೋಟಿ 61 ಲಕ್ಷ ರೂಪಾಯಿ. ಆ ಭಾಗ್ಯ ರಾಜಸ್ಥಾನದ ಕಿಶನ್‌ಗಢದ ಅಮೃತಶಿಲೆ ವ್ಯಾಪಾರಿ ಕುಟುಂಬವೊಂದರ ಪಾಲಾಯಿತು. 2006ರಲ್ಲಿ ಇದೇ ಮೊದಲ ಕಳಶ 1 ಕೋಟಿ 8 ಲಕ್ಷಕ್ಕೆ ಹೋಗಿತ್ತು. ಹನ್ನೆರಡು ವರ್ಷದಲ್ಲಿ ಹತ್ತು ಪಟ್ಟು! ಚನ್ನರಾಯಪಟ್ಟಣ ಸೀಮೆಯ ತೆಂಗಿನಕಾಯಿಗೆ ಇಂಥ ಯೋಗ ಯಾವತ್ತೂ ಬಂದದ್ದಿಲ್ಲ.

ಈ ದುಡ್ಡು ಹೋದದ್ದು ಎಲ್ಲಿಗೆ? ಮೊದಲ ಕಳಶದ ಹಣವೆಲ್ಲ ಬಡವರಿಗಾಗಿ 200 ಹಾಸಿಗೆಯ ಆಸ್ಪತ್ರೆಗೆ ಎಂದು ಅಂದಿನ ಮಠಾಧಿಪತಿ ಚಾರುಕೀರ್ತಿ ಭಟ್ಟಾರಕ ಸ್ವಾಮೀಜಿ ಹೇಳಿದ್ದರು. ಅದೇ ತಿಂಗಳ 19ರಂದು ಪ್ರಧಾನಿ ನರೇಂದ್ರ ಮೋದಿ ಬೆಳಗೊಳಕ್ಕೆ ಬಂದು ಬಾಹುಬಲಿ ಸಾರ್ವಜನಿಕ ಆಸ್ಪತ್ರೆಯನ್ನು ಉದ್ಘಾಟಿಸಿದರು. 2006ರ ಉತ್ಸವದ ಬೆನ್ನಿಗೆ ಎದ್ದ ಮಕ್ಕಳ ಆಸ್ಪತ್ರೆ ಅಷ್ಟರಲ್ಲಾಗಲೇ ಅಲ್ಲಿತ್ತು. 1981, 1993, 2006, 2018 ಹೀಗೆ ನಾಲ್ಕು ಮಹಾಮಸ್ತಕಾಭಿಷೇಕಗಳನ್ನು ಮುಂದೆ ನಿಂತು ನಡೆಸಿದ ಆ ಸ್ವಾಮೀಜಿ 2023ರ ಮಾರ್ಚ್‌ನಲ್ಲಿ ತೀರಿಕೊಂಡರು.

ಉತ್ಸವದಿಂದ ಔಷಧಕ್ಕೆ ಹಣ ಕೂಡಿಸುವುದು ನಮ್ಮಲ್ಲಷ್ಟೇ ಇರುವ ರೂಢಿಯಲ್ಲ. ಆಫ್ರಿಕದ ಗೆಬಾನ್ ಕಾಡಿನಂಚಿನ ಲಾಂಬರೇನೆಯಲ್ಲಿ 1913ರಲ್ಲಿ ಆಸ್ಪತ್ರೆ ತೆರೆದ ಆಲ್ಬರ್ಟ್ ಶ್ವೈಟ್ಜರ್ ಅದರ ಖರ್ಚಿಗಾಗಿ ಯುರೋಪಿನ ಊರೂರು ಸುತ್ತಿ ಆರ್ಗನ್ ನುಡಿಸಿದರು, ಭಾಷಣ ಮಾಡಿದರು. ಬಾಖ್‌ನ ಸಂಗೀತ ಕೇಳಲು ಬಂದವರ ದುಡ್ಡು ಅಲ್ಲಿಯ ರೋಗಿಗಳಿಗೆ ಮದ್ದಾಯಿತು. ಬೆಳಗೊಳದಲ್ಲಿ ಸಹಸ್ರಮಾನದ ಅಭಿಷೇಕ ನಡೆದ 1981ರಲ್ಲೇ ಲಂಡನ್ ಮ್ಯಾರಥಾನ್ ಆರಂಭವಾಯಿತು. ಅಲ್ಲಿ ಓಡುವವರು ಬಂಧುಬಳಗದವರಿಂದ ಹಣ ಕೂಡಿಸಿ ಸೇವಾಸಂಸ್ಥೆಗಳಿಗೆ ಕೊಡುತ್ತಾರೆ. ಇಲ್ಲಿ ಕೊಡುವವನೇ ಮೆಟ್ಟಿಲು ಹತ್ತಬೇಕು, ಅಟ್ಟಣಿಗೆ ಏರಬೇಕು, ಕೈಯಾರೆ ಕಳಶ ಸುರಿಯಬೇಕು.

ಕಳಶಗಳಿಗೆ ಸುವರ್ಣ, ರಜತ, ತಾಮ್ರ ಎಂದು ದರ್ಜೆಗಳಿವೆ. ದರ್ಜೆಗೆ ತಕ್ಕ ಕಾಣಿಕೆ. ಮೊದಲ ದಿನ 108, ಆಮೇಲೆ ದಿನಕ್ಕೆ 1008. ನೀರಾದ ಮೇಲೆ ಎಳನೀರು, ಕಬ್ಬಿನ ಹಾಲು, ಹಾಲು, ಅಕ್ಕಿಹಿಟ್ಟು, ಅರಿಶಿನ, ಕಷಾಯ, ಚಂದನ. 58 ಅಡಿಯ ಕಲ್ಲು ಗಳಿಗೆಗೊಂದು ಬಣ್ಣ ತಾಳುತ್ತದೆ. ದುಡ್ಡಿದ್ದವರಿಗೆ ಮೊದಲ ಕಳಶ ಅನ್ನುವುದು ಕೆಲವರಿಗೆ ಹಿಡಿಸದು, ನನಗೂ ಪೂರ್ತಿ ಹಿಡಿಸಿಲ್ಲ. ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನ ಕೊಡಗಟ್ಟಲೆ ಹಾಲು ತೊಡೆಯಿಂದ ಕೆಳಗಿಳಿಯದೆ, ಗುಳ್ಳಕಾಯಜ್ಜಿಯ ಒಂದು ಗಿಂಡಿ ಹಾಲು ಪಾದ ಮುಟ್ಟಿದ ಕತೆ ಹುಟ್ಟಿದ್ದು ಅದೇ ಬೆಟ್ಟದಲ್ಲಲ್ಲವೆ? ಆದರೂ ಜೈನರ ನಾಲ್ಕು ದಾನಗಳಲ್ಲಿ ಆಹಾರ, ಅಭಯ, ಶಾಸ್ತ್ರಗಳ ಜೊತೆಗೆ ಔಷಧವೂ ಸೇರಿದೆ. ಕಳಶದ ದುಡ್ಡು ಆಸ್ಪತ್ರೆ ಸೇರಿದರೆ ಅದು ಹೊಸ ಕಾಲದ ತೋರಿಕೆಯಲ್ಲ, ಹಳೆಯ ದಾರಿಯೇ.

ನನ್ನ ಚಿಂತೆ ಬೇರೆ. ಉತ್ಸವ ಬರುವುದು ಹನ್ನೆರಡು ವರ್ಷಕ್ಕೊಮ್ಮೆ, ನರ್ಸಮ್ಮನ ಸಂಬಳ ತಿಂಗಳು ತಿಂಗಳೂ. ಕಟ್ಟಡ ಎಬ್ಬಿಸುವುದು ಸುಲಭ, ರಾತ್ರಿಪಾಳಿಗೆ ಡಾಕ್ಟರನ್ನು ಹಳ್ಳಿ ಕಡೆ ಉಳಿಸಿಕೊಳ್ಳುವುದು ಕಷ್ಟ. 2006ರಲ್ಲೇ ಜಿಲ್ಲಾಕೇಂದ್ರ ಹಾಸನಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಹೊಳೆನರಸೀಪುರದವರೂ ಅರಕಲಗೂಡಿನವರೂ ದೊಡ್ಡ ಕಾಯಿಲೆ ಎಂದರೆ ಇಂದಿಗೂ ಹಾಸನದ ಬಸ್ಸನ್ನೋ ಮೈಸೂರಿನ ಬಸ್ಸನ್ನೋ ಹತ್ತುತ್ತಾರೆ. 2018ರ ಉತ್ಸವಕ್ಕೆ ರಾಜ್ಯ ಸರ್ಕಾರ 175 ಕೋಟಿ ಒದಗಿಸಿತ್ತು. ಮೊದಲ ಕಳಶದ ಹಣವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ, ಹಬ್ಬ ಎಷ್ಟು ದುಬಾರಿ, ಆಸ್ಪತ್ರೆ ಎಷ್ಟು ಅಗ್ಗ ಎಂದು ತಿಳಿಯುತ್ತದೆ.

ಒಮ್ಮೆ ಬರುವ ಹಣದಲ್ಲಿ ನಿತ್ಯದ ಖರ್ಚು ನಡೆಸುವ ಕಷ್ಟಕ್ಕೆ ಬೆಳಗೊಳದ ಹಿರಿಯರು ಉಪಾಯ ಕಂಡುಕೊಂಡಿದ್ದರು. ಬೆಟ್ಟದ ಮೇಲಿನ 13ನೆಯ ಶತಮಾನದ ಶಾಸನಗಳಲ್ಲಿ ಅದು ಕಾಣುತ್ತದೆ. ಗೊಮ್ಮಟದೇವರ ನಿತ್ಯಾಭಿಷೇಕದ ಹಾಲಿಗೆಂದು ಭಕ್ತರು ಗದ್ಯಾಣವೆಂಬ ಹೊನ್ನಿನ ನಾಣ್ಯಗಳನ್ನು ಇಡುಗಂಟಾಗಿ ಇಡುತ್ತಿದ್ದರು. ಬಡ್ಡಿಯಿಂದ ದಿನದಿನವೂ ಹಾಲು ಬರಬೇಕು, ಮೂಲಧನ ಮುಟ್ಟುವಂತಿಲ್ಲ. ಕೊಟ್ಟವರು ಶ್ರೀಮಂತರೇ ಎಂದೇನಿಲ್ಲ, ಸಣ್ಣ ಮೊತ್ತಗಳೂ ಕಲ್ಲಿಗೇರಿವೆ. ಒಂದು ದಿನದ ವೈಭವಕ್ಕಿಂತ ನಿತ್ಯದ ಒಂದು ಪಾವು ಹಾಲನ್ನು ಅವರು ಹೆಚ್ಚಾಗಿ ಕಂಡರು. ಆಸ್ಪತ್ರೆಗೂ ಬೇಕಾದದ್ದು ಅಂಥ ಇಡುಗಂಟು: ಡಯಾಲಿಸಿಸ್‌ಗೆ, ಬಾಣಂತಿಯರ ಔಷಧಕ್ಕೆ, ಸಿಬ್ಬಂದಿಯ ಸಂಬಳಕ್ಕೆ.

ಹನ್ನೆರಡು ವರ್ಷದ ಲೆಕ್ಕದಲ್ಲಿ ಮುಂದಿನ ಮಹಾಮಸ್ತಕಾಭಿಷೇಕ 2030ಕ್ಕೆ ಬರಬೇಕು. ಕಳಶ ಹಿಡಿಯುವ ಆಸೆಯುಳ್ಳವರು ಅದರ ಜೊತೆಗೆ ಆಸ್ಪತ್ರೆಯ ಹೆಸರಿನಲ್ಲೂ ಒಂದು ಇಡುಗಂಟು ಇಡಿ. ಹೆಚ್ಚಿಲ್ಲದವರು ಈ ವರ್ಷವೇ ಕೈಲಾದಷ್ಟು ಕೊಡಿ, ಅದಕ್ಕೆ 2030ರವರೆಗೆ ಕಾಯಬೇಕಾಗಿಲ್ಲ.