ಸೊಪ್ಪು ಶುಗರ್ ಇಳಿಸುತ್ತದೆಯೇ? ಪರೀಕ್ಷೆ ನಡೆಯುವುದು ಹೀಗೆ

ಕುವೆಂಪುನಗರದಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಬರುವಾಗ ಯಾರದೋ ಕಾಂಪೌಂಡಿನೊಳಗೆ ಇನ್ಸುಲಿನ್ ಗಿಡ ಕಾಣುತ್ತದೆ. ‘ದಿನಕ್ಕೊಂದು ಎಲೆ ಅಗಿಯಿರಿ, ಶುಗರ್ ಇಳಿಯುತ್ತೆ’ ಎಂಬ ಸಲಹೆಯೂ ಜೊತೆಗೇ ಸಿಗುತ್ತದೆ. ಬ್ರೆಜಿಲ್ ಮೂಲದ ಈ ಗಿಡದ ಎಲೆಯಲ್ಲಿ ಇನ್ಸುಲಿನ್ ಇಲ್ಲ. ಇದ್ದಿದ್ದರೂ ಅದು ಪ್ರೋಟೀನು, ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತಿತ್ತು. ಹಾಗೆಂದು ಎಲೆಯಲ್ಲಿ ಗುಣವೇ ಇಲ್ಲ ಎನ್ನುವಂತಿಲ್ಲ. ಇದೆಯೋ ಇಲ್ಲವೋ ತಿಳಿಯಲು ಮೂರು ಮೆಟ್ಟಿಲು ಹತ್ತಬೇಕು.

1. ಗಾಜಿನ ನಳಿಕೆ

ಎಲೆಯನ್ನು ಒಣಗಿಸಿ, ಪುಡಿ ಮಾಡಿ, ನೀರಿನಲ್ಲೋ ಆಲ್ಕೋಹಾಲಿನಲ್ಲೋ ನೆನೆಸಿ ಸಾರ ತೆಗೆಯುತ್ತಾರೆ. ಉಂಡ ಮುದ್ದೆ, ಅನ್ನದ ಪಿಷ್ಟವನ್ನು ಕೊನೆಯಲ್ಲಿ ಗ್ಲೂಕೋಸ್ ಆಗಿ ಒಡೆಯುವುದು ಕರುಳಿನ ಆಲ್ಫಾ-ಗ್ಲೂಕೋಸಿಡೇಸ್ ಕಿಣ್ವ. ಈ ಕಿಣ್ವ ಒಡೆದಾಗ ಹಳದಿ ಬಣ್ಣ ಬಿಡುವ ರಾಸಾಯನಿಕವೊಂದನ್ನು ನಳಿಕೆಗೆ ಹಾಕುತ್ತಾರೆ. ಸಾರ ಬೆರೆಸಿದಾಗ ಹಳದಿ ತಿಳಿಯಾದಷ್ಟೂ ಕಿಣ್ವಕ್ಕೆ ತಡೆ ಬಿದ್ದಿದೆ ಎಂದರ್ಥ. ಹೋಲಿಕೆಗೆ ಅಕಾರ್ಬೋಸ್ ಎಂಬ ಮದ್ದನ್ನು ಇಟ್ಟುಕೊಳ್ಳುತ್ತಾರೆ. ಆದರೆ ನಳಿಕೆಯಲ್ಲಿ ಗೆದ್ದ ಸಾರ ಹೊಟ್ಟೆಯ ಆಮ್ಲದಲ್ಲಿ ಕೆಡಬಹುದು. ಅದೇ ಪರಿಣಾಮಕ್ಕೆ ಬುಟ್ಟಿಗಟ್ಟಲೆ ಎಲೆ ಬೇಕಾಗಬಹುದು.

2. ಇಲಿ

ಸ್ಟ್ರೆಪ್ಟೋಜೋಟೋಸಿನ್ ಎಂಬ ರಾಸಾಯನಿಕ ಚುಚ್ಚಿದರೆ ಇಲಿಯ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಸಾಯುತ್ತವೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ಇಂಥ ಇಲಿಗಳಿಗೆ ಆಹಾರದಲ್ಲಿ ಹಾಗಲಕಾಯಿ ಕೊಟ್ಟು, ರಕ್ತದ ಸಕ್ಕರೆ ತಗ್ಗಿದ್ದನ್ನು 2005ರಲ್ಲಿ ಪ್ರಕಟಿಸಿದರು. ಇದು ಒಳ್ಳೆಯ ಸುಳಿವು. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಬರುವ ಟೈಪ್-2 ಮಧುಮೇಹ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವಂಥದ್ದು, ಒಂದು ಚುಚ್ಚುಮದ್ದಿನಿಂದ ಬಂದದ್ದಲ್ಲ.

3. ಮನುಷ್ಯ

ಪ್ರಯೋಗವನ್ನು ಮೊದಲು ಸರ್ಕಾರದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಿಸಬೇಕು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಸಾರದ ಮಾತ್ರೆ, ಇನ್ನೊಂದಕ್ಕೆ ನೋಡಲು ಅದೇ ಥರದ ಸಪ್ಪೆ ಮಾತ್ರೆ ಕೊಡುತ್ತಾರೆ. ಯಾರಿಗೆ ಯಾವುದು ಎಂದು ರೋಗಿಗೂ ವೈದ್ಯರಿಗೂ ಗೊತ್ತಿರುವುದಿಲ್ಲ. ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಜೊತೆಗೆ ಲಿವರ್, ಕಿಡ್ನಿಯನ್ನೂ ಪರೀಕ್ಷಿಸುತ್ತಾರೆ.

ಇಲ್ಲಿ ಪ್ರಮಾಣವೇ ಮುಖ್ಯ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಕ್ಕರೆ ಇಳಿಸಿದ್ದು ದಿನಕ್ಕೆ 100 ಗ್ರಾಂ ಜಿಡ್ಡು ತೆಗೆದ ಮೆಂತ್ಯದ ಪುಡಿ. ನಾವು ಒಗ್ಗರಣೆಗೆ ಹಾಕುವುದು ಚಿಟಿಕೆ.

ಮೂರೂ ಮೆಟ್ಟಿಲು ಹತ್ತಿದವು ಕೆಲವೇ. ಯುರೋಪಿನ ಗಲೇಗಾ ಗಿಡದ ಗಲೇಜಿನ್ ಸಕ್ಕರೆ ಇಳಿಸುತ್ತಿತ್ತು, ಆದರೆ ವಿಷಕಾರಿ. ಅದರ ರಚನೆಯ ಜಾಡು ಹಿಡಿದು ರೂಪುಗೊಂಡ ಮೆಟ್‌ಫಾರ್ಮಿನ್ ಅನ್ನು ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ 1957ರಲ್ಲಿ ಮಧುಮೇಹಕ್ಕೆ ಬಳಸಿ ವರದಿ ಮಾಡಿದರು. ಇಂದು ನಮ್ಮ ಬೀದಿಯ ಮೆಡಿಕಲ್ ಸ್ಟೋರಿನಲ್ಲೂ ಅದು ಸಿಗುತ್ತದೆ.

ಸೊಪ್ಪು, ಕಷಾಯ ಸೇವಿಸುತ್ತಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಮಾತ್ರೆಯ ಜೊತೆ ಸೇರಿ ಅದು ಶುಗರನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. ಎಲೆಯನ್ನು ನಂಬಿ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ನೀವಾಗಿಯೇ ನಿಲ್ಲಿಸಬೇಡಿ.